ಬಳೆಬುಟ್ಟಿ ನಡೆದ ಹಳಿ

ನಮ್ಮ ಪೇಟೆಯ ಹಳೆಯ ರೈಲು ದಾರಿಯ ಮೇಲೆ ಈಗ ಜನ ಬಿಳಿ ಬೂಟು ಹಾಕಿಕೊಂಡು ಕೈ ಬೀಸುತ್ತ ನಡೆಯುತ್ತಾರೆ. ಮಕ್ಕಳು ಸೈಕಲ್ ಹೊಡೆಯುತ್ತಾರೆ. ಎರಡೂ ಬದಿಗೆ ಗುಲ್‌ಮೊಹರ್ ನೆಟ್ಟಿದ್ದಾರೆ. ಒಳ್ಳೆಯದಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅಕ್ಕ ಇದ್ದಿದ್ದರೆ ನಾನೂ ಹೇಳುತ್ತಿದ್ದೆನೇನೋ.

ಅಕ್ಕ ಬಳೆ ಮಾರುತ್ತಿದ್ದಳು. ಅಪ್ಪ ಉಟಗಿ ಹಳ್ಳಿ ಬಿಟ್ಟು ಮರಾಠಿ ರಾಜ್ಯದ ಅಂಚಿನ ಜತ್ತ ತಾಲೂಕಿನ ಈ ಸ್ಟೇಷನ್ ಪೇಟೆಯಲ್ಲಿ ನೆಲೆಸಿದಾಗ ಜೊತೆಗೆ ತಂದ ಕಸುಬು ಅದು. ಗಂಡ ತೀರಿದ ಮೇಲೆ ಅಕ್ಕ ತವರಿಗೆ ಬಂದು ಅಪ್ಪನ ಬುಟ್ಟಿ ಹೊತ್ತಳು. ನಾನು ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತದ್ದು ಆ ಬುಟ್ಟಿಯಿಂದ. ನಾನು ಅವಳನ್ನು ಆಪಾ ಎನ್ನುತ್ತಿದ್ದೆ. ಪೇಟೆಯ ಹೆಂಗಸರೆಲ್ಲರಿಗೂ ಅವಳು ಬಳಿ ಆಪಾ.

ತೊಂಬತ್ತರ ದಶಕದಲ್ಲಿ ಆ ಹಳಿಯ ಮೇಲೆ ಸಣ್ಣ ಗಾಡಿ ಓಡುತ್ತಿತ್ತು. ಎಷ್ಟು ನಿಧಾನವೆಂದರೆ, ಡ್ರೈವರ್ ಬಾವಿಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸಿಕೊಂಡೇ ಹೋಗುತ್ತಿದ್ದ. ಹಳಿ ಪೇಟೆಯ ನಡುವೆ ಹಾಯ್ದಿತ್ತು. ಮನೆಗಳ ಮುಂಬಾಗಿಲು ಬಜಾರಕ್ಕೆ, ಹಿಂಬಾಗಿಲು ಹಳಿಗೆ. ಮುಂದೆ ಗಂಡಸರ ಅಂಗಡಿಗಳು. ಅಲ್ಲಿ ಹತ್ತು ಜನರೆದುರು ಕೈ ಚಾಚಿ ಬಳೆ ಇಡಿಸಿಕೊಳ್ಳುವ ರೂಢಿ ನಮ್ಮಲ್ಲಿರಲಿಲ್ಲ. ಹಿಂಬಾಗಿಲ ಮೆಟ್ಟಿಲೇ ಹೆಂಗಸರ ಬಳೆಯಂಗಡಿ.

ಹಳಿಗುಂಟ ನಡೆಯಲು ಅಕ್ಕನಿಗೆ ಇನ್ನೊಂದು ಕಾರಣವಿತ್ತು. ಅದು ಸಪಾಟು. ಹಳಿಯಡಿಯ ಮರದ ಹಲಗೆಯಿಂದ ಹಲಗೆಗೆ ಕಾಲಿಟ್ಟರೆ ಬುಟ್ಟಿ ಅಲುಗುವುದಿಲ್ಲ, ಗಾಜಿಗೆ ಗಾಜು ತಾಗುವುದಿಲ್ಲ. ತಲೆಯ ಮೇಲೆ ಬಳೆ ಸದ್ದು ಮಾಡಿದರೆ ಅವಳು ತಟ್ಟನೆ ನಿಲ್ಲುತ್ತಿದ್ದಳು. ವರ್ಷಗಟ್ಟಲೆ ನಡೆದು ಆ ಹಲಗೆಗಳ ಅಂತರವೇ ಅವಳ ಹೆಜ್ಜೆಯಾಯಿತು. ಮನೆಯಂಗಳದಲ್ಲೂ, ತಲೆಯ ಮೇಲೆ ಏನೂ ಇಲ್ಲದಾಗಲೂ, ಹಾಗೇ ಮೋಟು ಹೆಜ್ಜೆ.

ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಮನೆಯ ಹೊಸ ಸೊಸೆ ಕೈ ಬಿಗಿ ಹಿಡಿದು ಕೂತಿದ್ದಳು.

“ಕೈ ಸಡ್ಲ ಬಿಡವಾ,” ಅಂದಳು ಅಕ್ಕ. “ಅತ್ತಿ ಮ್ಯಾಗಿನ ಸಿಟ್ಟು ನನ್ನ ಬಳಿ ಮ್ಯಾಗ ಯಾಕ ತೀರಸ್ತಿ?”

“ನಂಗ ಕೇಳಸ್ತೈತಿ ಆಪಾ!” ಒಳಗಿಂದ ಅತ್ತೆ ಕೂಗಿದಳು.

“ಕೇಳಸ್ಲಿ ಅಂತನ ಜೋರ ಅಂದೀನ್ರಿ. ಬರ್ರಿ, ಕುಂದ್ರಿ, ನಿಮಗೂ ಇಡ್ತೀನಿ.”

ಸೊಸೆ ನಕ್ಕಳು. ಅವಳು ನಕ್ಕು ಮುಗಿಸುವಷ್ಟರಲ್ಲಿ ಬಳೆ ಮಣಿಕಟ್ಟಿಗಿಳಿದಿತ್ತು.

ಮುಂದೆ ದೊಡ್ಡ ಗಾಡಿಯ ಲೈನು ಬಂತು. ಅದು ಪೇಟೆಯ ಹೊರಗಿನಿಂದ ಹೋಯಿತು. ಸಣ್ಣ ಗಾಡಿ ನಿಂತಿತು, ಕಬ್ಬಿಣ ಕಿತ್ತರು, ಹಲಗೆಗಳನ್ನು ಲಾರಿಗೆ ಹೇರಿದರು. ಉಳಿದ ಮಣ್ಣಿನ ದಾರಿಯಲ್ಲಿ ಅಕ್ಕ ಅದೇ ಹೆಜ್ಜೆಯಲ್ಲಿ ನಡೆಯುತ್ತಲೇ ಇದ್ದಳು. ಹಿಂಬಾಗಿಲುಗಳೂ ತೆರೆಯುತ್ತಲೇ ಇದ್ದವು.

ಆಮೇಲೆ ಪೇಟೆಯ ಹಿರಿಯರು ಒಂದು ಸಮಿತಿ ಮಾಡಿಕೊಂಡರು. ದಾರಿಗೆ ಫರಸಿ ಕಲ್ಲು ಬಿತ್ತು. ಹಿಂಬಾಗಿಲುಗಳಿಗೆ ಅಡ್ಡವಾಗಿ ಎರಡೂ ಬದಿಗೆ ಎದೆಮಟ್ಟದ ಗೋಡೆ ಎದ್ದಿತು. ಎರಡು ತುದಿಗೆ ಗೇಟು, ಗೇಟಿಗೆ ಮರಾಠಿ ಫಲಕ: ಕುರಿ, ದನ, ಕೈಗಾಡಿ, ತಲೆಹೊರೆಗೆ ಮನಾಯಿ, ಒಳಗೆ ಬರಕೂಡದು.

ಕಾವಲಿಗೆ ನಿಂತವನು ನಮಗೆ ಗೊತ್ತಿದ್ದವನೇ. ಅವನ ಹೆಂಡತಿ ಬಸುರಿಯಾದಾಗ ಕುಬಸಕ್ಕೆ ಹಸಿರು ಬಳೆ ಇಟ್ಟವಳು ಅಕ್ಕ.

“ಭಾರ ಹೊತ್ತವರನ್ನ ಬಿಡಬ್ಯಾಡ ಅಂದಾರ ಆಪಾ,” ಎಂದು ಅವನು ನೆಲ ನೋಡಿದ.

ಅಕ್ಕ ಒಳಗೆ ನಡೆಯುತ್ತಿದ್ದವರ ಕಡೆ ಗದ್ದ ಎತ್ತಿದಳು. “ಅವ್ರ ಹೊಟ್ಟಿಕಿಂತ ನನ್ನ ಬುಟ್ಟಿ ಹಗರ ಐತಿ. ತೂಕಾ ಮಾಡಿ ನೋಡಪಾ.”

ಅವನು ನಕ್ಕ. ಗೇಟು ಮಾತ್ರ ತೆಗೆಯಲಿಲ್ಲ. ಅಕ್ಕ ಸಮಿತಿಯ ಹಿರಿಯರೊಬ್ಬರ ಮನೆಗೂ ಹೋದಳು. ಅವರು ಚಹಾ ಕೊಟ್ಟು ಮೃದುವಾಗಿಯೇ ಹೇಳಿದರು: “ಇದು ನಡಿಯೋ ಮಂದಿಗೆ ಮಾಡಿದ್ದು ನೋಡವಾ.”

“ನಾ ಇಷ್ಟ ವರ್ಷ ಏನ್ ಹಾರ್ಕೋತ ಹೋಗ್ತಿದ್ನೇನ್ರಿ?”

ಅವರು ಇನ್ನೊಂದು ಕಪ್ಪು ಚಹಾಕ್ಕೆ ಒಳಗೆ ಕೂಗಿದರು.

ಅಕ್ಕ ಪೇಟೆಯ ಹೊರಗಿನ ಮನೆಗಳಿಗೆಂದು ಜತ್ತದ ರಸ್ತೆ ಹಿಡಿದಳು. ಅಲ್ಲಿ ಜೀಪು, ಎಸ್ಟಿ ಬಸ್ಸು, ಡಾಂಬರಿನ ಅಂಚಿಗೆ ಕಡಿದ ತಗ್ಗು. ಬುಟ್ಟಿಯಲ್ಲಿ ಬಳೆ ದಿನವಿಡೀ ಸದ್ದು ಮಾಡುತ್ತಿತ್ತು. ಸಂಜೆ ಒಡೆದ ಚೂರುಗಳನ್ನು ಹಿತ್ತಲಲ್ಲಿ ಸುರಿಯುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ಜನ ತುಂಬಿದ ಜೀಪೊಂದು ಬುಟ್ಟಿಗೆ ತಾಗಿ ಹೋಯಿತು. ನಿಲ್ಲಿಸಲಿಲ್ಲ. ಅಕ್ಕ ತಗ್ಗಿಗೆ ಬಿದ್ದಳು, ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ. ಮಲಗಿದಲ್ಲೇ ಒಂದು ಮಳೆಗಾಲ ಕಳೆದು ಚಳಿ ಶುರುವಾದಾಗ ತೀರಿಕೊಂಡಳು. ಮಣ್ಣಿಗೆ ಬಂದವರು ಅಲ್ಲಾಹನ ಮರ್ಜಿ ಎಂದರು. ನಾನು ತಲೆಯಾಡಿಸಿದೆ. ಗೋಡೆ ಕಟ್ಟಿಸಿದ್ದು ಅಲ್ಲಾಹನಲ್ಲ ಎಂದು ಅಂಥ ಹೊತ್ತಿನಲ್ಲಿ ಯಾರಿಗೆ ಹೇಳುವುದು?

ಕೆಲವು ತಿಂಗಳ ಮೇಲೆ ಪೇಟೆಯ ಆ ತುದಿಯ ಹೂವಿನವಳು ಬುಟ್ಟಿ ಕೇಳಿದಳು. ಮನೆಯಲ್ಲಿಟ್ಟು ನೋಡಲಾರದೆ ಕೊಡಲು ಹೊರಟೆ. ಅದು ಅಗಲವಾದ ಬುಟ್ಟಿ, ತಲೆಯ ಮೇಲೆಯೇ ಹೊರಬೇಕು. ಕಾಲು ತಾನಾಗಿ ಹಳೆಯ ಗೇಟಿಗೆ ಬಂತು. ಕಾವಲುಗಾರ ಎದ್ದು ಬಂದು ಬುಟ್ಟಿಯೊಳಗೆ ಇಣುಕಿದ.

“ಖಾಲಿ ಐತಲ್ಲ. ಹೋಗ್ರಿ, ಹೋಗ್ರಿ,” ಎಂದು ಗೇಟು ತೆಗೆದ. ಉಪಕಾರ ಮಾಡಿದವನ ಮುಖ ಅವನದು.

ಫರಸಿಯ ಮೇಲೆ ನಡೆದೆ. ನಿಜಕ್ಕೂ ಸಪಾಟಾಗಿತ್ತು, ಹಲಗೆಗಳಿಗಿಂತ ಸಪಾಟು. ಇಲ್ಲಿ ಅಕ್ಕನ ಒಂದು ಬಳೆಯೂ ಒಡೆಯುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಗೋಡೆಯ ಆಚೆಯಿಂದ ಹೆಣ್ಣುದನಿ ಬಂತು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತಿದ್ದಳೇನೋ. ಅವಳಿಗೆ ಗೋಡೆಯ ಮೇಲೆ ಸಾಗುವ ಬುಟ್ಟಿಯಷ್ಟೇ ಕಂಡಿರಬೇಕು.

“ಬಳಿ ಆಪಾ! ಬಂದ್ರೇನ್ರಿ? ಹಸರ ಬಳಿ ಅದಾವೇನು? ಇಷ್ಟ ದಿನಾ ಎಲ್ಲಿ ಹೋಗಿದ್ರಿ?”

ನಿಂತೆ. ಸತ್ತ ಸುದ್ದಿಯನ್ನು ಗೋಡೆಗೆ ಹೇಳಲಾಗಲಿಲ್ಲ.

“ಗೇಟಿನಾಗ ಬಿಡಲಿಲ್ರೀ,” ಎಂದೆ.

ಮತ್ತೆ ಯಾವ ಹಿತ್ತಲಿನಿಂದಲೂ ಯಾರೂ ಕರೆಯಬಾರದೆಂದು ಬುಟ್ಟಿಯನ್ನು ತಲೆಯಿಂದ ಇಳಿಸಿದೆ. ಎರಡೂ ತೋಳಲ್ಲಿ ಅವುಚಿಕೊಂಡು, ಮುಂದಿನ ದಾರಿ ಕಾಣದೆ, ಆ ತುದಿಯ ಗೇಟಿನವರೆಗೆ ನಡೆದೆ.