ಅಳಿಯನ ಗಡ್ಡಕ್ಕೊಂದು ಪ್ಲಗ್ಗು

ನನ್ನ ಮದುವೆಯ ಬಗ್ಗೆ ನನಗೆ ಖಚಿತವಾಗಿ ನೆನಪಿರುವುದು ಫ್ಯೂಸ್ ಹೋದದ್ದು ಮಾತ್ರ. ಮಿಕ್ಕದ್ದೆಲ್ಲ ಆಲ್ಬಮ್ಮಿನ ಫೋಟೊಗಳನ್ನು ನೋಡಿ ನೋಡಿ ನೆನಪು ಅಂದುಕೊಂಡದ್ದಿರಬಹುದು. ಫ್ಯೂಸ್ ಹೋದದ್ದಕ್ಕೆ ಫೋಟೊ ಇಲ್ಲ. ಆದ್ದರಿಂದ ಅದು ನಿಜವಾದ ನೆನಪೇ ಇರಬೇಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದೆ. ಹೆಣ್ಣಿನ ಮನೆ ಕೊಪ್ಪದ ಪೇಟೆಯಲ್ಲಿ. ಮಾವನವರದು ಜವಳಿ ಅಂಗಡಿ, ಅದರ ಬೆನ್ನಿಗೇ ಅವರ ಅಜ್ಜ ಕಟ್ಟಿಸಿದ ಮಣ್ಣುಗೋಡೆಯ ಮನೆ. ಮದುವೆ ಆ ಮನೆಯಂಗಳದಲ್ಲೇ ಆಯಿತು. ಧಾರೆಯ ದಿನ ಬೆಳಿಗ್ಗೆ, ನನ್ನ ಜೊತೆ ಎಂ.ಎ. ಓದಿದ್ದ ಗೆಳೆಯನೊಬ್ಬ, ಬೊಂಬಾಯಿಯಲ್ಲಿ ಕೊಂಡ ಕರೆಂಟಿನ ಶೇವಿಂಗ್ ಮಿಷನ್ ಹಿಡಿದುಕೊಂಡು, ‘ಮದುಮಗನಿಗೆ ಇವತ್ತು ಬ್ಲೇಡು ಮುಟ್ಟಿಸಬಾರದು’ ಎಂದು ನನ್ನನ್ನು ಅವರ ಬಚ್ಚಲುಮನೆಗೆ ಎಳೆದುಕೊಂಡು ಹೋದ.

ಅಲ್ಲಿ ಗೋಡೆಯ ಮೇಲೆ, ಮರದ ಬಿಲ್ಲೆಯೊಂದಕ್ಕೆ ಕೂರಿಸಿದ ಕಪ್ಪು ಎರಡು ತೂತಿನ ಪ್ಲಗ್ಗಿತ್ತು. ಮನೆಗೆ ಮೊದಲು ಕರೆಂಟು ಬಂದಾಗ, ಕೋಣೆಗೊಂದು ಇರಲಿ ಎಂದು ಹಾಕಿಸಿದ್ದಂತೆ. ಬಚ್ಚಲಲ್ಲಿ ಅದಕ್ಕೆ ಏನು ಚುಚ್ಚಬೇಕು ಎಂದು ಯಾರಿಗೂ ಹೊಳೆಯದೆ, ಪಕ್ಕದ ಸ್ವಿಚ್ಚಿಗೆ ಸೀಗೆಪುಡಿಯ ಚೀಲ ನೇತುಹಾಕಿದ್ದರು. ಗೆಳೆಯ ಚೀಲ ತೆಗೆದು, ಮಿಷನ್ ಚುಚ್ಚಿ, ನನ್ನ ಕೆನ್ನೆಗಿಟ್ಟು ಸ್ವಿಚ್ ಒತ್ತಿದ. ಚಟ್ ಎಂದಿತು. ಮನೆಯ ದೀಪ, ಅಂಗಳದ ದೀಪ, ಮೈಕಿನಲ್ಲಿ ಬರುತ್ತಿದ್ದ ವಾದ್ಯ ಎಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ನನ್ನ ಚಿಕ್ಕಪ್ಪನ ಮಾತು ಮೈಕಿನ ಸಹಾಯವಿಲ್ಲದೆಯೇ ಎಲ್ಲರಿಗೂ ಕೇಳಿಸಿತು:

“ಒಂದು ಗಡ್ಡ ಹೆರೆಯುವಷ್ಟು ಕರೆಂಟಿಲ್ಲ, ಮದುವೆ ಮಾಡ್ಲಿಕ್ಕೆ ಹೊರಟಿದ್ದಾರೆ!”

ಗಂಡಿನ ಕಡೆಯವರು ಏನಾದರೊಂದು ಕೊಂಕು ತೆಗೆಯದಿದ್ದರೆ ಮದುವೆ ಮುಗಿದಂತಲ್ಲ. ಪಾಯಸದಲ್ಲಿ ಗೋಡಂಬಿ ಸಾಲದು ಎನ್ನುವವರ ಜಾಗದಲ್ಲಿ ಚಿಕ್ಕಪ್ಪ ಇದನ್ನು ಹೇಳಿದರು, ಅಷ್ಟೆ. ಸಂಜೆಗೆ ಅವರೇ ಮರೆತರು. ಮಾವನವರು ಮರೆಯಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ದೀಪಾವಳಿಗೆ.

ಹೊಸ ಅಳಿಯನ ಮೊದಲ ದೀಪಾವಳಿ ಹೆಣ್ಣಿನ ಮನೆಯಲ್ಲಿ. ಹೆಂಡತಿ ಮುಂಚೆಯೇ ತೌರಿಗೆ ಹೋಗಿದ್ದಳು. ನಾನು ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಬಸ್ಸಿಳಿದು ಹೋದರೆ, ಬಚ್ಚಲುಮನೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಅವಳು ಬಾಗಿಲಲ್ಲೇ ನನ್ನ ಕೈಯಿಂದ ಸೂಟ್‌ಕೇಸ್ ತೆಗೆದುಕೊಳ್ಳುವ ನೆಪದಲ್ಲಿ ಪಿಸುಗುಟ್ಟಿದಳು:

“ನಿಮ್ಮ ಹತ್ರ ಮಿಷನ್ ಇಲ್ಲ ಅಂತ ಮಾತ್ರ ಹೇಳ್ಬೇಡಿ.”

“ಯಾವ ಮಿಷನ್?”

“ಗಡ್ಡದ್ದು. ಮದುವೆ ದಿನ ನಿಮ್ಮ ಕೆನ್ನೆ ಮೇಲಿತ್ತಲ್ಲ, ಅದು ನಿಮ್ಮದೇ ಅಂತ ಅಪ್ಪಯ್ಯ ತಿಳ್ಕೊಂಡಿದ್ದಾರೆ. ಅದಕ್ಕೇ ಹೊಸ ಪ್ಲಗ್ ಹಾಕಿಸ್ತಿದ್ದಾರೆ. ನಾನು ಬರೋ ಹೊತ್ತಿಗೆ ಪೇಟೆಗೆಲ್ಲ ಹೇಳಿ ಆಗಿತ್ತು.”

“ನೀನಾದರೂ ಹೇಳಬಾರದಿತ್ತಾ?”

“ಹೇಗೆ ಹೇಳ್ಲಿ ಮಾರಾಯ್ರೆ? ಅವ್ರು ಅದಕ್ಕಾಗಿ ಎರಡು ಸಲ ಅಂಗಡಿ ಬಾಗಿಲು ಹಾಕಿ ಊರೂರು ಸುತ್ತಿದ್ದಾರೆ.”

ಆ ಸುತ್ತಾಟದ ಕಥೆಯನ್ನು ಮಾವನವರೇ ಕಾಫಿಯ ಜೊತೆ ಹೇಳಿದರು. ಕೊಪ್ಪದಲ್ಲಿ ಸಿಕ್ಕ ಪ್ಲಗ್ಗುಗಳು ಅವರ ಮನಸ್ಸಿಗೆ ಬರಲಿಲ್ಲ. ನರಸಿಂಹರಾಜಪುರದ ಸಂತೆಗೆ ಹೋದಾಗ ಅಲ್ಲಿಯೂ ನೋಡಿದರು. ಕೊನೆಗೆ ಶೃಂಗೇರಿಯಲ್ಲಿ, ಯಾತ್ರಿಕರು ಇಳಿದುಕೊಳ್ಳುವ ಲಾಡ್ಜೊಂದರಲ್ಲಿ ಗೀಸರ್ ಕೂರಿಸಿದಾಗ ಮಿಕ್ಕಿದ್ದ ಮೂರು ತೂತಿನ ಬಿಳಿ ಪವರ್ ಪ್ಲಗ್ ಒಂದು ಸಿಕ್ಕಿತಂತೆ.

“ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ ಅಂದ ಅವ. ಹಾಗಾದ್ರೆ ಇದೇ ಕೊಡು ಅಂದೆ,” ಎಂದರು.

ನಾನು ‘ಓಹೋ’ ಎಂದೆ. ತರ್ಕಶಾಸ್ತ್ರದಲ್ಲಿ ಅದಕ್ಕೆ ಬೇರೆ ಉತ್ತರ ಇರಲಿಲ್ಲ.

ಬಚ್ಚಲುಮನೆಯಲ್ಲಿ ಆಗ ನಡೆಯುತ್ತಿದ್ದುದು ಬೇರೆಯೇ ಜಗಳ. ನೀರು ತುಂಬುವ ಹಬ್ಬ ಎಂದರೆ ಅದು ಬಚ್ಚಲಿನದೇ ಹಬ್ಬ. ಹಂಡೆಯನ್ನು ಉಜ್ಜಿ ತೊಳೆದು, ಕುತ್ತಿಗೆಗೆ ಸುಣ್ಣದ ಪಟ್ಟೆ ಎಳೆದು, ಬಳ್ಳಿ ಸುತ್ತಿ, ಸಂಜೆಯೊಳಗೆ ಬಾವಿಯ ಹೊಸ ನೀರು ತುಂಬಬೇಕು. ಅತ್ತೆ ಪಟ್ಟೆ ಎಳೆದು ಬಳ್ಳಿ ಸುತ್ತಿ ಮುಗಿಸಿದ್ದರು. ಅದೇ ಹಂಡೆಯ ಮೇಲೆ, ಒಲೆಯ ಕಟ್ಟೆ ಹತ್ತಿ ನಿಂತ ಎಲೆಕ್ಟ್ರಿಕ್ ಸಾಬರು ಉಳಿ ಹಿಡಿದು ಗೋಡೆ ಕುಟ್ಟುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ, ಮೋಟರು ರಿಪೇರಿ ಮಾಡುವ ಅಂಗಡಿ ಅವರದು.

“ಸಾಬ್ರೆ, ಮಣ್ಣು ಹಂಡೆಗೇ ಬೀಳ್ತದೆ!” ಅತ್ತೆ ಹಳೆಯ ಸೀರೆಯೊಂದನ್ನು ಹಂಡೆಗೆ ಹೊದಿಸುತ್ತ ಕೂಗಿದರು. “ನಾಳೆ ಅಳಿಯನಿಗೆ ನೀರು ಹೊಯ್ಯೋದಾ, ಕೆಸರು ಹೊಯ್ಯೋದಾ?”

“ಅಮ್ಮ, ಗೋಡೆ ನಾನು ಕಟ್ಟಿದ್ದಲ್ಲ. ಉಳಿ ತೋರಿಸಿದ್ರೆ ಸಾಕು, ತಾನೇ ಉದುರ್ತದೆ. ಇನ್ನು ಸ್ವಲ್ಪ ಹೊತ್ತು ಕುಟ್ಟಿದ್ರೆ ಅಂಗಡೀಲಿ ಯಾರು ಕೂತಿದಾರೆ ಅಂತ ಇಲ್ಲಿಂದ್ಲೇ ಕಾಣ್ತದೆ.”

“ಹಬ್ಬ ಆದ್ಮೇಲೆ ಮಾಡ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ಗಡ್ಡ ನನ್ನದಾ? ಯಜಮಾನ್ರನ್ನ ಕೇಳಿ.”

ಯಜಮಾನರು ಮೇನ್ ಸ್ವಿಚ್ಚಿನ ಕೆಳಗೆ ಕುರ್ಚಿ ಹಾಕಿಕೊಂಡು, ಯಾರೂ ಅದನ್ನು ಮುಟ್ಟದ ಹಾಗೆ ಕಾವಲು ಕೂತಿದ್ದರು. ಹಳೆಯ ಪ್ಲಗ್ಗನ್ನು ಕಿತ್ತಾಗ ಅದರ ಹಿಂದಿನಿಂದ ಒಂದು ಹಿಡಿ ಮಸಿ, ಸೀಗೆಪುಡಿ, ಹಲ್ಲಿಯ ಮೊಟ್ಟೆಯ ಚಿಪ್ಪು ಬಿದ್ದವು. ವೈರಿಗೆ ಸುತ್ತಿದ್ದ ಬಟ್ಟೆ ಮುಟ್ಟಿದರೆ ಬೂದಿ. ಸಾಬರು ಗೋಡೆಗೆ ಮರದ ಗೂಟ ಜಡಿದು, ಅದಕ್ಕೆ ಬೋರ್ಡು ಕೂರಿಸಿ, ಹೊಸ ವೈರು ಎಳೆದರು. ತಂದ ವೈರು ಸಾಲಲಿಲ್ಲ. ಆಗ ಅವರು ಬಚ್ಚಲಿನ ಬಲ್ಬಿಗೆ ಹೋಗುತ್ತಿದ್ದ ವೈರನ್ನೇ ಬಿಚ್ಚಿ ಪ್ಲಗ್ಗಿಗೆ ಕೊಟ್ಟರು. ಬಲ್ಬಿನ ಕೆಲಸಕ್ಕೆ ನಾಳೆ ನಸುಕಿನಲ್ಲೇ ಬರುತ್ತೇನೆ ಎಂದರು. ಹೀಗೆ ಆ ಬಚ್ಚಲುಮನೆ ದೀಪ ಕಳೆದುಕೊಂಡು ಪ್ಲಗ್ ಸಂಪಾದಿಸಿತು.

“ಒಮ್ಮೆ ಟೆಸ್ಟ್ ಮಾಡುವ. ಅಳಿಯಂದಿರ ಮಿಷನ್ ತಗೊಂಡು ಬಾ,” ಎಂದು ಮಾವನವರು ಮಗಳಿಗೆ ಹೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ಸಾಬರ ಮುಖ ನೋಡಿದೆ. ಮಿಷನ್ನು ಸೂಟ್‌ಕೇಸಿನ ತಳದಲ್ಲಿದೆ ಎಂದೋ, ಹಬ್ಬದ ದಿನವೇ ಹೊರಗೆ ತೆಗೆಯಬೇಕೆಂದಿದ್ದೇನೆ ಎಂದೋ ಏನೋ ಗೊಣಗಿದೆ. ಹೆಂಡತಿಯ ಪ್ರಕಾರ ನಾನು ಏನೂ ಹೇಳಲಿಲ್ಲ, ಕೆಮ್ಮಿದೆ. ಇದ್ದರೂ ಇರಬಹುದು. ಆ ದಿನಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ತೆಗೆದು ನೋಡಿದರೆ ‘ಕೊಪ್ಪ. ಹಬ್ಬ. ಸೆಖೆ’ ಎಂದಿದೆ. ದೀಪಾವಳಿಗೆ ಕೊಪ್ಪದಲ್ಲಿ ಸೆಖೆಯೇ? ಬರೆದದ್ದನ್ನಾದರೂ ನಂಬೋಣವೆಂದರೆ ಹೀಗೆ.

ಅಂತೂ ಸಾಬರೇ ನನ್ನನ್ನು ಪಾರುಮಾಡಿದರು. “ಮಿಷನ್ ಯಾಕೆ? ಬಲ್ಬಿದೆಯಲ್ಲ,” ಎಂದು, ಬಲ್ಬಿನ ಹೋಲ್ಡರಿನ ಎರಡು ವೈರುಗಳನ್ನು ಪ್ಲಗ್ಗಿನ ತೂತುಗಳಿಗಿಟ್ಟು, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದರು. ಒಂದು ತೂತಿಗೆ ಮೂರು ಕಡ್ಡಿ ಬೇಕಾದವು. ಮೇನ್ ಹಾಕಿದಾಗ ಬಲ್ಬು ಹತ್ತಿತು. ಮಾವನವರ ಮುಖವೂ. “ಗೀಸರನ್ನೇ ಎಳೀತದೆ, ಗಡ್ಡ ಎಂತ ಲೆಕ್ಕ!” ಎಂದರು ಸಾಬರು.

ಆ ಬೆಳಕಿನಲ್ಲಿ ನನಗೊಂದು ದಾರಿ ಕಾಣಿಸಿತು. ತೂತುಗಳು ಪೆನ್ಸಿಲ್ ತೂರಿಸುವಷ್ಟು ದಪ್ಪ. ಗೆಳೆಯನ ಮಿಷನ್ನಿನ ಪಿನ್ನು ಕಡ್ಡಿಯಷ್ಟು ಸಣ್ಣ. ಅದನ್ನು ಇಲ್ಲಿಗೆ ಚುಚ್ಚಿದರೆ ನಿಲ್ಲುವುದಿಲ್ಲ, ಉದುರಿಹೋಗುತ್ತದೆ. ಸುಳ್ಳೇ ಬೇಕಾಗಿಲ್ಲ! ಮಿಷನ್ ಇದ್ದವನೂ ಇಲ್ಲಿ ಬ್ಲೇಡನ್ನೇ ಹಿಡಿಯಬೇಕು. ‘ಮಾವ, ಪಿನ್ನು ಕೂರುವುದಿಲ್ಲ’ ಎಂದರೆ ಮುಗಿಯಿತು. ಹಿತ್ತಲಲ್ಲಿ ನೀರು ಸೇದುತ್ತಿದ್ದ ಹೆಂಡತಿಗೆ ಇದನ್ನು ಹುರುಪಿನಿಂದ ವಿವರಿಸಿದೆ.

ಅವಳು ಕೊಡಪಾನವನ್ನು ಕಟ್ಟೆಯ ಮೇಲೆ ಇಟ್ಟಳು. “ಹೇಳಿ. ನಿಮ್ಮ ಚಿಕ್ಕಪ್ಪ ಹೇಳಿದ್ದನ್ನೇ ನೀವೂ ಹೇಳಿದ ಹಾಗಾಯ್ತು. ಅವ್ರು ಅಂದಿದ್ದು ಅಂಗಳದಲ್ಲಿ, ನೀವು ಬಚ್ಚಲಲ್ಲಿ, ಅಷ್ಟೇ ವ್ಯತ್ಯಾಸ. ಅಪ್ಪಯ್ಯ ಮತ್ತೊಂದು ಪ್ಲಗ್ ಹುಡುಕಿ ಹೊರಡ್ತಾರೆ, ಅಷ್ಟೆ.”

ಅಲ್ಲಿಗೆ ನನ್ನ ದಾರಿ ಮುಚ್ಚಿತು. ನನ್ನ ಮಾನ ಉಳಿಸಿಕೊಂಡರೆ ಅವರ ಮಾನ ಹೋಗುತ್ತಿತ್ತು. ಅದೂ ಎರಡನೆಯ ಸಲ, ಅದೇ ಗೋಡೆಯ ಮುಂದೆ.

ಮರುದಿನ ಬೆಳಕು ಹರಿಯುವ ಮೊದಲೇ, ಎಣ್ಣೆ ಹಚ್ಚುವ ಮೊದಲು ಗಡ್ಡ ಮುಗಿಸಿಕೊಂಡು ಬರಲಿ ಎಂದು ನನ್ನನ್ನು ಬಚ್ಚಲಿಗೆ ಕಳಿಸಿದರು. ಹಬ್ಬದ ಹಣತೆ, ಒಲೆಯ ಬೆಂಕಿ ಎರಡೂ ಉರಿಯುತ್ತಿದ್ದವು. ಪ್ಲಗ್ಗಿನ ಪಕ್ಕದಲ್ಲಿ ಮಾವನವರು ಕನ್ನಡಿ ತೂಗುಹಾಕಿದ್ದರು. ಬಿಳಿಯ ಪ್ಲಗ್ಗಿಗೆ ಅತ್ತೆ ಅರಿಶಿನ ಕುಂಕುಮ ಇಟ್ಟಿದ್ದರು. ನಾನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ರೇಜರ್ ತೆಗೆದು, ಚಿಲಕ ಹಾಕಿ, ಕಳ್ಳನ ಹಾಗೆ ಸೋಪು ಹಚ್ಚಿಕೊಂಡೆ. ಕೆರೆಯುವ ಸದ್ದು ಕೇಳಿಸಬಾರದೆಂದು ಪ್ರತಿ ಎಳೆತಕ್ಕೂ ಒಂದು ಚೊಂಬು ನೀರು ಚೆಲ್ಲಿದೆ.

ಬಾಗಿಲಾಚೆ ಅತ್ತೆಯ ದನಿ: “ಸದ್ದೇ ಇಲ್ಲಲ್ಲ!”

ಮಾವನವರ ದನಿ: “ಒಳ್ಳೆ ಮಿಷನ್ನಿಗೆ ಸದ್ದಿರಲ್ಲ ಕಣೇ.”

“ಮತ್ತೆ ನೀರು ಯಾಕೆ ಅಷ್ಟು ಹೊಯ್ಕೊಳ್ತಿದ್ದಾರೆ?”

“ಮಿಷನ್ ಬಿಸಿ ಆಗ್ತದೆ. ನಿಂಗೆ ಗೊತ್ತಾಗಲ್ಲ.”

ಮುಗಿಸಿ, ರೇಜರನ್ನು ಟವೆಲ್ಲಿನಲ್ಲಿ ಸುತ್ತಿ, ಬಾಗಿಲು ತೆಗೆದೆ. ನಡುಮನೆಯಲ್ಲಿ ಎಲ್ಲರೂ ಇದ್ದರು. ಮಣೆಯ ಪಕ್ಕದಲ್ಲಿ ಎಣ್ಣೆಯ ಬಟ್ಟಲು ಹಿಡಿದ ಅತ್ತೆ, ಆರತಿ ತಟ್ಟೆ ಹಿಡಿದ ಹೆಂಡತಿ, ಬಲ್ಬಿನ ವೈರಿನ ಸುರುಳಿ ತೋಳಿಗೆ ಹಾಕಿಕೊಂಡ ಸಾಬರು, ಮತ್ತು ಮಾವನವರು. ಕತ್ತಲಿತ್ತು. ಲಾಟೀನು ಹಚ್ಚಿದ್ದರು. ಲಾಟೀನು ಯಾಕೆ ಎಂದು ನಾನು ಯೋಚಿಸುವಷ್ಟರಲ್ಲಿ ಸಾಬರು ಎದ್ದು ನಿಂತರು.

“ಏನ್ ಸ್ವಾಮಿ, ಅರ್ಧ ಗಡ್ಡದಲ್ಲಿ ಸಿಕ್ಕಿಹಾಕಿಕೊಂಡ್ರೇನೋ ಅಂತ ನಾವು ಪೇಚಾಡ್ತಿದ್ವಿ. ನೀವು ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯ್ತಲ್ಲ! ಇನ್ನೂ ಬಂದಿಲ್ಲ.”

ಬಚ್ಚಲಲ್ಲಿ ಬಲ್ಬೇ ಇರದಿದ್ದುದರಿಂದ ನನಗೆ ಅದು ತಿಳಿಯುವ ಬಗೆಯೇ ಇರಲಿಲ್ಲ. ಸಾಬರು ನನ್ನ ಕೆನ್ನೆಗಳನ್ನು ಒಂದಾದ ಮೇಲೊಂದು ನೋಡಿದರು. ಎರಡೂ ನುಣ್ಣಗಿದ್ದವು.

“ಹೋಗೋದ್ರೊಳಗೆ ಮುಗಿಸಿದ್ದಾರೆ,” ಎಂದರು ಮಾವನವರು. “ಮಿಷನ್ ಅಂದ್ರೆ ಮತ್ತೆಂತ? ನಿಮ್ಮ ಹಾಗೆ ಕನ್ನಡಿ ಮುಂದೆ ಅರ್ಧ ದಿನ ಕೂರ್ಬೇಕಾ?”

ಹಾಗೆನ್ನುತ್ತಲೇ ಅವರು ನನ್ನ ಹತ್ತಿರ ಬಂದು, ಸಾಬರಿಗೆ ಬೆನ್ನು ಮಾಡಿ ನಿಂತರು. ಹೆಗಲ ಮೇಲಿನ ಬೈರಾಸನ್ನು ತೆಗೆದು, ನನ್ನ ಎಡಗಿವಿಯ ಕೆಳಗೆ ಒಮ್ಮೆ ಒರೆಸಿದರು. ಬೈರಾಸಿಗೆ ಬಿಳಿಯ ಸೋಪಿನ ನೊರೆ ಅಂಟಿತು. ಅದನ್ನು ಅವರು ನೋಡಿದರು, ನಾನು ನೋಡಿದೆ. ನೊರೆ ಒಳಗಾಗುವ ಹಾಗೆ ಬೈರಾಸನ್ನು ಮಡಚಿ ಮತ್ತೆ ಹೆಗಲಿಗೆ ಹಾಕಿಕೊಂಡರು.

“ಕೂರಿ, ಎಣ್ಣೆ ತಣ್ಣಗಾಗ್ತದೆ,” ಎಂದರು.

ಹೆಂಡತಿ ಇದನ್ನು ಒಪ್ಪುವುದಿಲ್ಲ. ಅಪ್ಪಯ್ಯ ಒರೆಸಿದ್ದು ಬೆವರು, ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ ಎಂದು ಅವಳ ವಾದ. ದೀಪಾವಳಿಯ ಬೆಳಗಿನ ಜಾವ ಬೆವರೇ ಎಂದರೆ ದಿನಚರಿಯ ‘ಸೆಖೆ’ಯನ್ನು ತೋರಿಸುತ್ತಾಳೆ. ನನ್ನ ಕಡೆಗೆ ಸಾಕ್ಷಿಯಿಲ್ಲ. ಮಾವನವರನ್ನು ಕೇಳಬಹುದಾಗಿದ್ದಷ್ಟು ಕಾಲ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಮಣೆಯ ಮೇಲೆ ಕೂತೆ. ಅತ್ತೆ ನೆತ್ತಿಗೆ ಎಣ್ಣೆ ತಟ್ಟಿದರು. ಆಗಲೇ ಜಗಲಿಗೆ ಹೋಗಿದ್ದ ಮಾವನವರು ಪಕ್ಕದ ಮನೆಯವರಿಗೆ ಜೋರಾಗಿ ಹೇಳುತ್ತಿದ್ದುದು ಕೇಳಿಸಿತು:

“ಗೀಸರ್ ಪ್ಲಗ್ಗೇ ಹಾಕಿಸ್ದೆ ಮಾರಾಯ. ಅದಕ್ಕಿಂತ ಸಣ್ಣದಾದ್ರೆ ಅವ್ರ ಮಿಷನ್ನಿಗೆ ಸಾಲೋದಿಲ್ಲ.”