ಬಂಡ್ರಿ ಗುಡ್ಡದ ಕೋಡುಗಳ್ಳಿ

ನನಗೆ ಕಾಯುವುದಕ್ಕೆ ಬರುವುದಿಲ್ಲ. ಹೊಸಪೇಟೆ ಸ್ಟ್ಯಾಂಡಿನಲ್ಲಿ ಸಂಡೂರು ಬಸ್ಸು ಹತ್ತು ನಿಮಿಷ ತಡವಾದರೆ ನಾಲ್ಕು ಸಲ ವಿಚಾರಣೆ ಕಿಟಕಿಗೆ ಹೋಗಿ ಬರುವವಳು ನಾನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳಿಗೆ ಇಂಥ ಸ್ವಭಾವ ಇರಬಾರದು.

ಕೆಲವು ವರ್ಷದ ಹಿಂದೆ, ಅಳಿವಿನಂಚಿನ ಸಸ್ಯಗಳ ಪಟ್ಟಿ ಮಾಡುವವರು ನನಗೊಂದು ಕೆಲಸ ಒಪ್ಪಿಸಿದರು. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಒಂದು ಗಿಡ. ಎಲೆ ಇಲ್ಲ, ಬೆರಳು ಗಾತ್ರದ ನಾಲ್ಕು ಮೂಲೆಯ ಕಾಂಡ, ಮಳೆಗಾಲ ಮುಗಿಯುವ ಹೊತ್ತಿಗೆ ನೊಣ ಮುತ್ತುವ ಕಂದು ಹೂ. ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ‘ಮಾಹಿತಿ ಸಾಲದು’ ಎಂದಿತ್ತು. ಬಂಡ್ರಿ ಕಡೆಯ ಒಂದು ಗುಡ್ಡದಲ್ಲಿ ಎಷ್ಟು ಉಳಿದಿವೆ ಎಂದು ನಾನು ಎಣಿಸಿ ಕೊಡಬೇಕಿತ್ತು. ಕಡಿಮೆ ಇದ್ದರೆ ಗಿಡಕ್ಕೆ ರಕ್ಷಣೆ ಸಿಗುವ ಆಸೆಯಿತ್ತು. ಗುಡ್ಡದ ಮಗ್ಗುಲಲ್ಲೇ ಅದಿರು ಲಾರಿಗಳು ಓಡಾಡುತ್ತಿದ್ದವು.

ಗುಡ್ಡ ತೋರಿಸಿದ್ದು ಮೇಕೆ ಕಾಯುವ ಒಬ್ಬ ಹೆಂಗಸು. ಮೊದಲು ಗಣಿಯಲ್ಲಿ ಕೂಲಿ ಮಾಡುತ್ತಿದ್ದವಳು, ನಡುವೆ ಕೆಲವು ವರ್ಷ ಗಣಿ ನಿಂತಾಗ ಮೇಕೆ ಕಟ್ಟಿದ್ದಳು. ಆಕೆ ಗಿಡವನ್ನು ಕೋಡುಗಳ್ಳಿ ಅನ್ನುತ್ತಿದ್ದಳು. ಹಸಿವಾದಾಗ ಒಂದು ತುಂಡು ಮುರಿದು, ಸೆರಗಿನ ಗಂಟಿನ ಉಪ್ಪು ಹಚ್ಚಿ ತಿನ್ನುವಳು. ನನಗೂ ಕೊಟ್ಟಳು. ಒಗರಾಗಿತ್ತು, ಆದರೆ ಮಧ್ಯಾಹ್ನದ ತನಕ ನೀರಡಿಕೆ ಆಗಲಿಲ್ಲ. ಅದನ್ನು ಮುರಿಯುವುದಕ್ಕೂ ಆ ಊರವರಲ್ಲಿ ಒಂದು ಕಟ್ಟುಪಾಡು ಇತ್ತು. ಗಿಡ ಬೆಳೆಯುವ ಮುಳ್ಳುಕಂಟಿ ದಾಟಿ ಹೊರಗೆ ಚಾಚಿದ್ದನ್ನಷ್ಟೇ ಮುರಿಯಬೇಕು, ಕಂಟಿಯೊಳಗೆ ಯಾರೂ ಕೈ ಹಾಕುವ ಹಾಗಿಲ್ಲ. ದೇವರ ಹೆದರಿಕೆ ಇರಬೇಕೆಂದುಕೊಂಡು ಪುಸ್ತಕದಲ್ಲಿ ಬರೆದುಕೊಂಡೆ, ಅಷ್ಟೇ.

ಎಣಿಸಬೇಕಾದರೆ ದಸರೆ ಕಳೆದ ಮೇಲೆ ಬನ್ನಿ ಎಂದು ಆಕೆ ಹೇಳಿದ್ದಳು. ಆಗ ಹೂ ಬರುತ್ತದೆ, ಕಂಟಿಯೊಳಗೆ ಎಲ್ಲೆಲ್ಲಿ ಇದೆ ಎಂದು ನೊಣಗಳೇ ತೋರಿಸುತ್ತವೆ. ನನಗೆ ಯಾರೂ ಅವಸರ ಮಾಡಿರಲಿಲ್ಲ, ವರದಿಗೆ ಚಳಿಗಾಲದ ತನಕ ಸಮಯವಿತ್ತು. ಆದರೂ ಶ್ರಾವಣದಲ್ಲೇ ಎರಡು ಭಾನುವಾರ ಯಶವಂತನಗರದ ಬಸ್ಸು ಹಿಡಿದು ಹೊರಟೆ. ಆಕೆ ಮೇಕೆಗಳನ್ನು ಗಂಡನಿಗೆ ಒಪ್ಪಿಸಿ ಕಂಪ್ಲಿಗೆ ಭತ್ತದ ನಾಟಿಗೆ ಹೋಗಿದ್ದಳು. ಒಣಕಡ್ಡಿಗಳ ನಡುವೆ ಕೋಡುಗಳ್ಳಿಯೂ ಕಡ್ಡಿಯ ಹಾಗೇ ಕಾಣುತ್ತಿತ್ತು. ಎಣಿಕೆ ತಪ್ಪಿದಷ್ಟೂ ನನಗೆ ಸಿಟ್ಟು ಏರಿತು. ಕೈಗವಸು ಹಾಕಿಕೊಂಡು, ಮಚ್ಚು ತೆಗೆದುಕೊಂಡು ಕಂಟಿಗಳನ್ನೆಲ್ಲ ಕಡಿದು ಹಸನು ಮಾಡಿದೆ. ಒಂದೊಂದು ಬುಡಕ್ಕೂ ಹಳದಿ ಪ್ಲಾಸ್ಟಿಕ್ ಚೀಟಿ ಕಟ್ಟಿದೆ. ನಾನು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಗಿಡಗಳಿದ್ದವು. ಎರಡನೆಯ ಭಾನುವಾರ ಸಂಜೆ ನನ್ನಷ್ಟು ಖುಷಿಯಾದವರು ಆ ಬಸ್ಸಿನಲ್ಲಿ ಇರಲಿಲ್ಲ.

ಎಣಿಕೆಯನ್ನು ಮರುದಿನವೇ ಕಳಿಸಿದೆ. ದಸರೆಗೆ ಮುಂಚೆ ಉತ್ತರ ಬಂತು. ಬೇರೆ ಕಡೆಯ ಎಣಿಕೆಗಳ ಜತೆ ನನ್ನದೂ ಸೇರಿ, ಗಿಡವನ್ನು ‘ಸದ್ಯಕ್ಕೆ ಆತಂಕವಿಲ್ಲ’ ಎಂಬ ಸಾಲಿಗೆ ಹಾಕಲಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡಾ ಹಂಚಿದೆ.

ಹೂ ನೋಡಬೇಕೆಂದು ದಸರೆ ಕಳೆದ ಮೇಲೆ ಗುಡ್ಡ ಹತ್ತಿದೆ. ಹಳದಿ ಚೀಟಿಗಳು ಬಿದ್ದಿದ್ದವು, ಗಿಡಗಳಿರಲಿಲ್ಲ. ಮೇಕೆ ಬುಡದ ತನಕ ಕಡಿದಿದ್ದವು. ಮೇಕೆ ಬಿಟ್ಟದ್ದು ನೆರಳಿಲ್ಲದೆ ಬೆಳ್ಳಗೆ ಸುಟ್ಟು ಸುಕ್ಕಾಗಿತ್ತು. ಆಕೆ ಕಂಪ್ಲಿಯಿಂದ ಬಂದಿದ್ದಳು, ಬಂಡೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದು ನಿಂತೆ.

“ಮುಳ್ಳಿತ್ತು ಅಂತ ಅದು ಇತ್ರಿ ಮೇಡಮ್ಮಾರ. ಮುಳ್ಳು ತಗದ್ಮ್ಯಾಲ ಮೇಕಿಗೆ ಯಾರು ಬ್ಯಾಡ ಅನ್ಬೇಕು?”

ನಾಚಿಕೆಯಾಯಿತು. ವರ್ಷವರ್ಷವೂ ಪಾಠದಲ್ಲಿ ಹೇಳುವ ಮಾತದು, ಕಂಟಿಯ ಆಸರೆಯಲ್ಲಿ ಬದುಕುವ ಗಿಡಗಳ ಪಾಠ.

ಪಟ್ಟಿ ಇನ್ನೂ ಅಂತಿಮವಾಗಿರಲಿಲ್ಲ. ಎಣಿಕೆ ತಿದ್ದಲು ಒಂದು ಫಾರಂ ಇತ್ತು, ಅದರಲ್ಲಿ ಗಿಡ ಕಡಿಮೆಯಾದದ್ದಕ್ಕೆ ಕಾರಣ ಗುರುತಿಸಬೇಕು. ಗಣಿ, ಬೆಂಕಿ, ಮೇಯಿಸುವಿಕೆ, ಸಂಗ್ರಹಣೆ, ಇತರೆ. ‘ಮೇಯಿಸುವಿಕೆ’ಗೆ ಗುರುತು ಹಾಕಿದರೆ ಸುಳ್ಳೂ ಆಗುತ್ತಿರಲಿಲ್ಲ. ನನ್ನ ಮರ್ಯಾದೆ ಉಳಿಯುತ್ತಿತ್ತು, ಆದರೆ ಗುಡ್ಡಕ್ಕೆ ತಂತಿಬೇಲಿ ಬಂದು ಆಕೆಯ ಮೇಕೆಗಳು ರಸ್ತೆಗೆ ಬೀಳುತ್ತಿದ್ದವು. ಮೂರು ದಿನ ಮನೆಯಲ್ಲಿ ಒಳಗೂ ಹೊರಗೂ ತಿರುಗಿದೆ. ಒಲೆಯ ಮೇಲೆ ಹಾಲಿಟ್ಟು ಮರೆತೆ. ಕ್ಲಾಸಿನಲ್ಲಿ ಒಂದೇ ಪುಟವನ್ನು ಎರಡು ಸಲ ಓದಿದೆ. ಒಮ್ಮೆ ಗುರುತು ಹಾಕಿಯೂ ಬಿಟ್ಟಿದ್ದೆ, ಆಮೇಲೆ ಅಳಿಸಿದೆ. ನಾಲ್ಕನೆಯ ದಿನ ‘ಇತರೆ’ ಎಂಬಲ್ಲಿ, ಎಣಿಸುವ ಅವಸರಕ್ಕೆ ಕಂಟಿ ಕಡಿದವಳು ನಾನೇ ಎಂದು ಹೆಸರು ಸಮೇತ ಬರೆದು ಕಳಿಸಿದೆ. ಗಿಡ ಮತ್ತೆ ‘ಮಾಹಿತಿ ಸಾಲದು’ ಸಾಲಿಗೆ ಹೋಯಿತು. ಮುಂದಿನ ಎಣಿಕೆಗೆ ನನ್ನನ್ನು ಕರೆಯಲಿಲ್ಲ.

ಫಾರಂ ಕಳಿಸಿದ ಮೇಲಿನ ಭಾನುವಾರ ಗುಡ್ಡಕ್ಕೆ ಹೋಗಿ, ಕಾರಣ ಬರೆದು ಕಳಿಸಿದೆ ಎಂದಾಗ ಆಕೆ ಕೇಳಿದ್ದು ಒಂದೇ ಮಾತು.

“ಮೇಕಿ ಅಂತ ಬರ್ದೀರೇನ್ರಿ?”

ಇಲ್ಲ, ನನ್ನ ಹೆಸರೇ ಬರೆದಿದ್ದೇನೆ ಎಂದೆ.

“ಇನ್ನೊಂದು ಗುಡ್ಡ ಗೊತ್ತೈತ್ರಿ ನನಗ. ಅಲ್ಲಿ ಭಾಳ ಅದಾವು. ನಿಮಗ ತೋರ್ಸಂಗಿಲ್ಲ.”

ಗಿಡ ಬದುಕಿದೆಯಲ್ಲ ಎಂದು ಜೀವಕ್ಕೆ ತಂಪಾಯಿತು, ಅದೇ ಉಸಿರಿನಲ್ಲಿ ಎದೆಗೆ ಚುಚ್ಚಿತು. ಎಲ್ಲಿ, ಎಷ್ಟಿವೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಆಕೆ ಮೇಕೆ ಹೊಡೆದುಕೊಂಡು ಹೊರಟಾಗ, ಯಾವ ದಿಕ್ಕಿಗೆ ಹೋದಳೆಂದೂ ನೋಡಲಿಲ್ಲ.