ಅಕ್ಕನ ಸೈನ್ಯಕ್ಕೆ ಹೊಸ ಸಮವಸ್ತ್ರ

ನನ್ನ ಸೋದರಮಾವ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮಾತು ಕಡಿಮೆ, ಕೈ ಚುರುಕು. ಎಂಥ ಹರಕು ಪುಸ್ತಕ ಕೊಟ್ಟರೂ ತಿರುಗಿಸಿ ನೋಡಿ, "ಬದುಕುತ್ತೆ ಬಿಡಿ" ಅನ್ನುತ್ತಾರೆ. ಈ ಮನುಷ್ಯ ದೊಡ್ಡ ಸೈನ್ಯವೊಂದರ ಸೇನಾಪತಿ ಅಂದರೆ ಅಂಗಡಿಗೆ ಬರುವವರು ಯಾರೂ ನಂಬಲಿಕ್ಕಿಲ್ಲ.

ಎದುರಾಳಿ ಅವರ ಅಕ್ಕ, ಅಂದರೆ ನನ್ನ ಅಮ್ಮ. ರಣರಂಗ ಊಟದ ಮೇಜು. ಜೇನುಗೂಡಿನಂತೆ ಆರು ಮೂಲೆಯ ಮನೆಗಳಿರುವ ನಕ್ಷೆ, ನಡುವೆ ನದಿ, ಆಚೀಚೆ ಒಂದೊಂದು ರಾಜಧಾನಿ, ಎರಡು ದಾಳ, ಹೆಬ್ಬೆರಳಗಲದ ಚೌಕ ರಟ್ಟಿನ ಬಿಲ್ಲೆಗಳು, ಒಂದೊಂದೂ ಒಂದೊಂದು ದಂಡು. ಅಮ್ಮನವು ಕೆಂಪು, ಮಾವನವು ನೀಲಿ. ಚಿಕ್ಕವರಿದ್ದಾಗ ಒಂದೊಂದು ಯುದ್ಧ ಇಡೀ ರಜೆ ನಡೆಯುತ್ತಿತ್ತಂತೆ. ಮನೆಮಂದಿಯೆಲ್ಲ ತಟ್ಟೆ ಕೈಯಲ್ಲಿ ಹಿಡಿದು ಗೋಡೆಗೊರಗಿ ಉಣ್ಣಬೇಕು. ಯಾರಾದರೂ ಜೋರಾಗಿ ಸೀನಿದರೆ ಒಂದು ದಂಡೇ ನದಿಪಾಲು! ಇಬ್ಬರಿಗೂ ಮದುವೆ, ಮಕ್ಕಳು ಆದ ಮೇಲೂ ಭಾನುವಾರದ ಆಟ ತಪ್ಪಲಿಲ್ಲ. ಹೆಚ್ಚು ಗೆಲ್ಲುತ್ತಿದ್ದವಳು ಅಮ್ಮನೇ. ಗೆದ್ದರೆ ವಾರವಿಡೀ ತಮ್ಮನ ತಲೆ ತಿನ್ನುತ್ತಿದ್ದಳು.

ಹೋದ ವರ್ಷ ಅಮ್ಮನ ಕಣ್ಣು ಪೂರ್ತಿ ಹೋಯಿತು. ಅವಳು ಅಳಲಿಲ್ಲ, ಜಗಳವಾಡುವುದನ್ನೇ ಬಿಟ್ಟಳು. ನನಗೆ ಹೆದರಿಕೆಯಾದದ್ದು ಅದಕ್ಕೆ. "ಯಾರಿಗಾದ್ರೂ ಕೊಟ್ಬಿಡೇ" ಎಂದು ಆಟದ ಪೆಟ್ಟಿಗೆಯನ್ನು ನನ್ನ ಕೈಗಿತ್ತಳು. ನಾನು ಮಾವನಿಗೆ ಕೊಟ್ಟೆ.

ಮಾವ ಎರಡು ತಿಂಗಳು ಅದರ ಹಿಂದೆ ಬಿದ್ದರು. ನಕ್ಷೆಯ ಗೆರೆಗೆರೆಗೂ ಹೊಲಿಗೆಯ ದಾರ ಅಂಟಿಸಿದರು. ದಾಳದ ಚುಕ್ಕಿಗಳ ಮೇಲೆ ಗಟ್ಟಿ ಅಂಟಿನ ಹನಿ, ಕಾಲಾಳುಗಳಿಗೆ ಬಡಗಿಗಳ ಒರಟು ಉಪ್ಪುಕಾಗದ, ಕುದುರೆ ದಂಡಿಗೆ ನುಣುಪು ಚರ್ಮ, ಫಿರಂಗಿಗೆ ರಟ್ಟಿನ ಮೇಲೆ ಹೊದಿಸುವ ಬಟ್ಟೆ. ಒಂದು ಭಾನುವಾರ ಮಧ್ಯಾಹ್ನ ಅಕ್ಕನನ್ನು ಕೈಹಿಡಿದು ಮೇಜಿನ ಮುಂದೆ ಕೂರಿಸಿದರು. "ನಂಗೆ ಬೇಡ ಬಿಡೋ" ಅನ್ನುತ್ತಲೇ ಅಮ್ಮ ನಕ್ಷೆಯ ಮೇಲೆ ಬೆರಳಾಡಿಸಿದಳು. ನಿಧಾನವಾಗಿ ಅವಳ ಬೆನ್ನು ನೆಟ್ಟಗಾಯಿತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎರಡೂ ಸೈನ್ಯಗಳು ನಕ್ಷೆಯ ನಡುವೆ ಬೆರೆತುಹೋದವು. ಅಮ್ಮ ಒಂದು ಕುದುರೆ ದಂಡನ್ನು ಎತ್ತಿ ಮಾವನ ರಾಜಧಾನಿಗೆ ನುಗ್ಗಿಸಿದಳು. ಅದು ನೀಲಿ ದಂಡು, ಮಾವನದೇ! ಆಗ ಹೊಳೆಯಿತು ನೋಡಿ. ಕುದುರೆ ಯಾವುದು, ಫಿರಂಗಿ ಯಾವುದು ಎಂದು ಬೆರಳಿಗೆ ತಿಳಿಯುವಂತೆ ಮಾಡಿದ್ದ ನಮ್ಮ ಮಹಾಶಯರು, ಯಾರ ಕಡೆಯದು ಎಂಬುದನ್ನು ಬಣ್ಣಕ್ಕೇ ಬಿಟ್ಟಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಸುಮ್ಮನಿರೆಂದು ಕೈಸನ್ನೆ ಮಾಡಿದರು.

"ಸೋತೆ ಅಕ್ಕ" ಎಂದರು.

ಅಮ್ಮ ಹಿಗ್ಗಲಿಲ್ಲ. ಮತ್ತೊಮ್ಮೆ ನಕ್ಷೆಯ ಉದ್ದಗಲಕ್ಕೂ ಬೆರಳಾಡಿಸಿದಳು.

"ನಂದು ಉಳಿದಿರೋದು ಎರಡೇ ಕುದುರೆ ದಂಡು. ಎರಡೂ ನದಿ ಈಚೆ ಇವೆ. ಮತ್ತೆ ಇದು ಎಲ್ಲಿಂದ ಬಂತೋ?"

ಮಾವ ಆ ಬಿಲ್ಲೆಯತ್ತ ಕೈ ಚಾಚಿದರು, ಅಮ್ಮ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

"ನಿಂದು ತಾನೇ? ಕುರುಡಿ ಅಂತ ಕನಿಕರ ತೋರಿಸ್ತೀಯಾ? ಆಡೋದಾದ್ರೆ ನನ್ನ ಸೋಲಿಸೋಕೆ ಬಾ. ಇಲ್ಲಾಂದ್ರೆ ಎದ್ದು ನಡಿ ಮನೆಗೆ!"

ಮನೆ ಹಾರಿಹೋಗುವಂತೆ ಕೂಗಾಡಿದಳು. ವರ್ಷದಿಂದ ಆ ದನಿಗಾಗಿ ನಾವಿಬ್ಬರೂ ಹಂಬಲಿಸಿದ್ದೆವು. ಮಾವ ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತ ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ತಮ್ಮ ಒಂದೊಂದೇ ಬಿಲ್ಲೆಯ ಮೂಲೆ ಕತ್ತರಿಸತೊಡಗಿದರು.

"ಮೂಲೆ ಇಲ್ದೇ ಇರೋವು ನನ್ನವು ಅಕ್ಕ."

ಅಮ್ಮ ಆ ಕುದುರೆ ದಂಡನ್ನು ಹಿಂದಿನ ಜಾಗದಲ್ಲೇ ಇಟ್ಟು, ದಾಳಕ್ಕೆ ಕೈ ಚಾಚಿದಳು.

"ಬೇಗ ಕತ್ತರಿಸೋ. ಸರದಿ ನಂದು."